ಮೀಸೆಯಿಲ್ಲದ ಹೀರೋ

ಬೆಳಕು, ನೇರ ಕಣ್ಣಿನೊಳಕ್ಕೆ, ಗದ್ದ ಇಲ್ಲಿಡಿ ಅಮ್ಮ, ಅಲ್ಲಾಡಬೇಡಿ, ಅಲ್ಲಾಡುವುದಿಲ್ಲಪ್ಪ ಡಾಕ್ಟರೇ, ಎಂತೆಂಥ ಸಿನಿಮಾಗಳನ್ನು ಅಲ್ಲಾಡದೆ ನೋಡಿದವಳು ನಾನು, ಮೊನ್ನೆ ಆ ಯುದ್ಧದ ಸಿನಿಮಾವನ್ನೂ ನೋಡಿ ಮುಗಿಸಿದೆ, ಶತ್ರುಗಳು ಗುಂಡಿಗೆ ಸತ್ತರೋ ಹೀರೋ ಕಿರುಚಾಟಕ್ಕೆ ಸತ್ತರೋ ಗೊತ್ತಾಗಲಿಲ್ಲ, ಇಡೀ ಥಿಯೇಟರು ಶಿಳ್ಳೆ ಹೊಡೆಯಿತು, ನನಗೆ ಹಿಡಿಸಿದ್ದು ಮೂಲೆಯಲ್ಲಿ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದ ಸಿಪಾಯಿ, ಕೈ ನಡುಗಿ ಗಂಟು ಬೀಳುತ್ತಲೇ ಇರಲಿಲ್ಲ ಅವನಿಗೆ, ಯುದ್ಧವೆಂದರೆ ಅದು, ಉಳಿದದ್ದೆಲ್ಲ ಬರೀ ಗಂಟಲು — ನೇರ ನೋಡಿ ಅಮ್ಮ, ನೇರವೇ ನೋಡುತ್ತಿದ್ದೇನೆ, ನೇರ ನೋಡಿದಲ್ಲೆಲ್ಲ ಮಸಿ ಬಳಿದ ಹಾಗಿದೆ, ಪಕ್ಕದಲ್ಲಿ ಮಗಳು, ಬ್ಯಾಂಕಿಗೆ ರಜೆ ಹಾಕಿ ಬಂದು ಕೂತಿದ್ದಾಳೆ, ಎಲ್ಲ ಆ ದರಿದ್ರ ಮೀಸೆಯಿಂದ. ಭಾನುವಾರ ತಿಂಡಿ ತಿನ್ನುವಾಗ ಬಾಯಿ ಬಿಟ್ಟೆ, ಆ ಇನ್ನೊಂದು ಹೊಸ ಸಿನಿಮಾದಲ್ಲಿ ಹೀರೋ ನಟನೆ ಸಪ್ಪೆ ಕಣೇ, ಆ ಮೀಸೆಯಂತೂ ಅವನಿಗೆ ಒಪ್ಪಲ್ಲ, ಅಮ್ಮಾ, ಅವನು ಇದ್ರಲ್ಲಿ ಮೀಸೆ ಬೋಳಿಸಿದಾನೆ, ಊರೆಲ್ಲ ಅದೇ ಮಾತು, ನೀನು ನೋಡಿದ್ದೇನು? ಅವಳ ಚಮಚ ತಟ್ಟೆಗೆ ಬಿತ್ತು. ನಾನು ನೋಡಿದ್ದೇನು, ಮುಖವಿರಬೇಕಾದ ಕಡೆ ಏನೂ ಕಾಣದೆ ಅವನ ಹಳೆಯ ಮೀಸೆಯನ್ನು ನಾನೇ ಅಂಟಿಸಿಕೊಂಡಿದ್ದೆ, ಮೊದಲ ಸಿನಿಮಾದಿಂದ ಇದ್ದ ಮೀಸೆ, ಹೇಳದೆ ಕೇಳದೆ ಬೋಳಿಸಿಕೊಂಡರೆ ನಾನೇನು ಮಾಡಲಿ? ಆದರೆ ನಟನೆ ಸಪ್ಪೆ ಅಂದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ, ಸಾವಿನ ದೃಶ್ಯದಲ್ಲಿ ಎಲ್ಲರೂ ಮೂಗೊರೆಸಿಕೊಳ್ಳುವಾಗ ನಾನು ಅವನ ದನಿಯನ್ನಷ್ಟೇ ಕೇಳಿದೆ, ಅವನು ಅಳುತ್ತಿರಲಿಲ್ಲ, ಅಳುವನ್ನು ಓದುತ್ತಿದ್ದ. ಆ ಸಿನಿಮಾದಲ್ಲಿ ನಟಿಸಿದವಳು ಒಬ್ಬಳೇ, ಬೀದಿ ಹೊಡೆದಾಟದಲ್ಲಿ ಬಲಗಡೆಯ ಅಂಚಿನಲ್ಲಿ ನಿಂತಿದ್ದ ಹೆಂಗಸು, ನಲ್ಲಿಯ ಕೆಳಗೆ ಹಸಿರು ಬಕೆಟ್ಟಿಟ್ಟು ಜಗಳ ನೋಡುತ್ತ ಮೈಮರೆತಿದ್ದಾಳೆ, ನೀರು ಅಂಚಿನವರೆಗೂ ಬಂತು, ಇನ್ನೇನು ಚೆಲ್ಲಬೇಕು, ಈಗ, ಈಗ — ಅಷ್ಟರಲ್ಲಿ ದೃಶ್ಯವೇ ಬದಲಾಯಿತು, ಕತ್ತರಿ ಹಾಕಿದ ಆ ಎಡಿಟರ್ ಸಿಕ್ಕರೆ ಕಿವಿ ಹಿಂಡುತ್ತೇನೆ, ಆ ನೀರು ಇನ್ನೂ ನನ್ನ ತಲೆಯಲ್ಲಿ ತುಂಬುತ್ತಲೇ ಇದೆ.

ನಡುವಿನ ನೋಟ ಹೋಗಿದೆ, ವಾಪಸ್ ಬರಲ್ಲ, ಆದ್ರೆ ಪೂರ್ತಿ ಕತ್ತಲಾಗಲ್ಲ, ಅಂಚಿನ ನೋಟ ಉಳಿಯುತ್ತೆ, ಡಾಕ್ಟರು ಹೇಳುತ್ತಿರುವುದು ನನಗಲ್ಲ, ಮಗಳಿಗೆ, ನಾನೇನು ಕುರ್ಚಿಯೇ? ಕೇಳಿದ್ಯಾ ಅಮ್ಮ, ಇನ್ಮೇಲೆ ಥಿಯೇಟರ್ ಸಾಕು, ಒಬ್ಬಳೇ ರಸ್ತೆ ದಾಟೋದು, ಕತ್ತಲಲ್ಲಿ ಮೆಟ್ಟಿಲು, ಮನೇಲೇ ಹಾಕ್ಕೊಡ್ತೀನಿ, ಕೂತು ಕೇಳಿಸ್ಕೋ. ಕೇಳಿಸಿಕೊಳ್ಳಬೇಕಂತೆ, ಸಿನಿಮಾವನ್ನು, ಪಕ್ಕದ ಮನೆಯ ಜಗಳದ ಹಾಗೆ. ಹೋಗುತ್ತೇನೆ, ಈ ಶುಕ್ರವಾರವೇ ಹೋಗುತ್ತೇನೆ, ರಸ್ತೆ ದಾಟಲು ಯಾರ ಕೈಯನ್ನಾದರೂ ಹಿಡಿದೇನು, ನಾಚಿಕೆಯೇನಿಲ್ಲ, ನಡುವೆ ನಿಂತವರನ್ನು ಜನ್ಮವಿಡೀ ನೋಡಿದ್ದಾಯಿತು, ಇನ್ನು ಅಂಚಿನವರ ಸರದಿ, ಆ ಸಿಪಾಯಿ, ಆ ಹೆಂಗಸು, ಅವರನ್ನು ನಾನೂ ನೋಡದಿದ್ದರೆ ಇನ್ಯಾರು ನೋಡುತ್ತಾರೆ — ಅಮ್ಮಾ, ಎಲ್ಲಿ ನೋಡ್ತಿದೀಯ, ನಾನು ಮಾತಾಡ್ತಿದೀನಿ, ನನ್ನ ಮುಖ ನೋಡು. ನೋಡಿದೆ. ಮಸಿ. ಮಗಳ ಮುಖವಿರಬೇಕಾದ ಕಡೆ ಮಸಿ, ಇಷ್ಟು ದಿನ ಇವಳಿಗೂ ಹಳೆಯ ಮುಖವೊಂದನ್ನು ಅಂಟಿಸಿಕೊಂಡೇ ಮಾತಾಡುತ್ತಿದ್ದೆನೇ, ಆ ಹೀರೋನ ಮೀಸೆಯ ಹಾಗೆ, ಇಲ್ಲ, ಈ ಮುಖವನ್ನು ಬಿಟ್ಟುಕೊಡುವುದಿಲ್ಲ, ಕುತ್ತಿಗೆ ಹೊರಳಿಸಿ ಗೋಡೆ ನೋಡಿದೆ, ನೋಡು, ಮತ್ತೆ ಆ ಕಡೆ ತಿರುಗ್ತೀಯ, ಸುಮ್ನಿರೇ, ಅಲ್ಲಾಡ್ಬೇಡ, ನಿನ್ನನ್ನೇ ನೋಡ್ತಿದೀನಿ, ಆಗ ಬಂದಳು, ಬಲಗಡೆಯ ಅಂಚಿನಲ್ಲಿ, ಮಂಜುಮಂಜಾಗಿ, ಕೆನ್ನೆ ಇಳಿದಿದೆ, ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದೆ, ಯಾವಾಗ ಆಯಿತೇ ಇದೆಲ್ಲ, ಕಣ್ಣು ಹೊಳೆಯುತ್ತಿದೆ, ತುಂಬಿಕೊಂಡಿದೆ, ಇಲ್ಲಿ ಕತ್ತರಿ ಹಾಕುವವರು ಯಾರೂ ಇಲ್ಲ, ಹಸಿರು ಬಕೆಟ್ಟು, ಅಂಚಿನವರೆಗೂ ನೀರು, ಈಗ ಚೆಲ್ಲುತ್ತದೆ, ಈಗ —