ನೀರು ಸೋಕದ ಕತ್ತರಿ

ನಮ್ಮ ಮಾವನಿಗೆ ಕೋಪ ಮೂಗಿನ ತುದಿಯಲ್ಲೇ. ನಲವತ್ತು ವರ್ಷ ದರ್ಜಿಯಾಗಿದ್ದವರು. ಅವರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅದಕ್ಕೆ ಹನಿ ನೀರು ಸೋಕುವಂತಿಲ್ಲ. ನೀರು ಕಂಡ ಕತ್ತರಿ ಬಟ್ಟೆಯನ್ನು ಅಗಿಯುತ್ತದೆಯೇ ಹೊರತು ಕತ್ತರಿಸುವುದಿಲ್ಲ ಎನ್ನುವುದು ಅವರ ಮಾತು. ಮದುವೆಯಾದ ಹೊಸತರಲ್ಲಿ ಒಮ್ಮೆ ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದೆ. ಅವತ್ತು ತಿಂದ ಬೈಗುಳ ಹನ್ನೊಂದು ವರ್ಷವಾದರೂ ಅರಗಿಲ್ಲ.

ಸಿದ್ಧ ಉಡುಪು ಬಂದು ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂರುವಂತಾದಾಗ, ಹೂವು ಬೆಳೆಯೋಣ ಎಂದವಳು ನಾನೇ. ಹೂಗುಚ್ಛ ಕಟ್ಟುವವರಿಗೆ ಉದ್ದ ಕಾಂಡದ ಡೇಲಿಯಾ ಬೇಕಿತ್ತು. ಹೊಲಿಗೆ ಯಂತ್ರಗಳನ್ನು ಮಾರಿ ಗಡ್ಡೆ ತಂದೆವು. ಮಾವ, ನನ್ನ ಗಂಡ, ನಾನು ಮೂವರೇ ಸೇರಿ ಮನೆಯ ಹಿಂದೆ ಮುನ್ನೂರ ನಲವತ್ತು ಗಡ್ಡೆ ನೆಟ್ಟೆವು. ಇದು ಕೈಕೊಟ್ಟರೆ ಹಿಂದಿರುಗಲು ಅಂಗಡಿಯೂ ಇರಲಿಲ್ಲ.

ಗಡ್ಡೆ ಕೊಟ್ಟ ನರ್ಸರಿಯವನು ನನಗೆ ಎರಡು ಸಲ ಹೇಳಿದ್ದ: "ಅಕ್ಕಾ, ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗೋ ಮೊದಲು ಕತ್ತರೀನ ಔಷಧಿ ನೀರಲ್ಲಿ ಅದ್ದಿ. ಒಂದಕ್ಕೆ ರೋಗ ಇದ್ರೂ ಕತ್ತರಿ ಎಲ್ಲಕ್ಕೂ ಹಂಚಿಬಿಡುತ್ತೆ."

ಮಾವನಿಗೆ ಹೇಳಬೇಕಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗಳಿಗೇನು ಬರವೇ?

ಗಿಡ ಗೇಣುದ್ದ ಬಂದ ಮೇಲೆ, ಪಕ್ಕದ ಕವಲು ಒಡೆಯಲೆಂದು ಸುಳಿ ತೆಗೆಯಬೇಕು. ಒಂದು ಬೆಳಿಗ್ಗೆ ನಾನು ತೋಟಕ್ಕೆ ಹೋಗುವಷ್ಟರಲ್ಲಿ ಮಾವ ತಮ್ಮ ಆ ಕತ್ತರಿಯಲ್ಲೇ ಮೂರು ಸಾಲು ಮುಗಿಸಿದ್ದರು. ಕಚಕ್ ಎಂದು ಕತ್ತರಿಸುವುದು, ಕತ್ತರಿಯನ್ನು ಷರ್ಟಿಗೆ ಒರೆಸುವುದು, ಮುಂದಿನ ಗಿಡಕ್ಕೆ ಬಾಗುವುದು.

"ನೋಡಮ್ಮ, ಎಲ್ಲ ಒಂದೇ ಅಳತೆ! ಬೇಕಾದ್ರೆ ಟೇಪ್ ಹಿಡಿದು ನೋಡು," ಎಂದರು. ಅಂಗಡಿ ಮುಚ್ಚಿದ ಮೇಲೆ ಅವರನ್ನು ಅಷ್ಟು ಖುಷಿಯಲ್ಲಿ ನೋಡಿದ್ದು ಅವತ್ತೇ.

ಬಾಯಿ ತೆರೆದೆ. "ಟೀ ತರಲಾ ಮಾವ?" ಎಂದೆ.

ಆಮೇಲೆ ದಿನವೂ ಒಂದೊಂದು ಎಲೆ ಮಗುಚಿ ನೋಡುವುದೇ ಕೆಲಸವಾಯಿತು. ಇಪ್ಪತ್ತೆರಡನೇ ದಿನ ಒಂದು ಗಿಡದಲ್ಲಿ ನರಗಳ ಪಕ್ಕ ಹಳದಿ ಪಟ್ಟೆ ಕಂಡಿತು. ಬಿಸಿಲಿಗಿರಬೇಕು ಎಂದುಕೊಂಡೆ. ಮಾರನೇ ದಿನ ಅದೇ ಸಾಲಿನಲ್ಲಿ ಇನ್ನೂ ನಾಲ್ಕು. ಆ ಎಲೆಗಳನ್ನು ಕಿತ್ತು ಜೇಬಿಗೆ ತುರುಕಿಕೊಂಡೆ. ವಾರ ಕಳೆಯುವಷ್ಟರಲ್ಲಿ ಜೇಬಿನಲ್ಲಿ ಮುಚ್ಚಿಡುವಷ್ಟು ಕಡಿಮೆ ಇರಲಿಲ್ಲ. ಮಾವನೇ ನರ್ಸರಿಯವನನ್ನು ಕರೆಸಿದರು.

ಅವನು ಒಂದೊಂದೇ ಸಾಲು ನೋಡುತ್ತಾ ನಡೆದ. ಅವನು ಎಲ್ಲಿ ನಿಂತರೂ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳನ ಸ್ಥಿತಿ ನನ್ನದು.

"ವೈರಸ್ಸು. ಇದಕ್ಕೆ ಮದ್ದಿಲ್ಲ. ಎಲ್ಲಾ ಅಗೆದು ಸುಡಬೇಕು," ಎಂದ. ಆಮೇಲೆ ಮಾವನ ಕೈಯಲ್ಲಿದ್ದ ಕತ್ತರಿ ನೋಡಿದ. "ಇದೇ ಕತ್ತರೀಲಿ ತೆಗೆದಿದ್ದಾ? ಔಷಧಿ ನೀರಲ್ಲಿ ಅದ್ದಲಿಲ್ವಾ? ನಿಮ್ಮ ಸೊಸೆಗೆ ಎರಡು ಸಲ ಹೇಳಿದ್ದೆನಲ್ಲ!"

ಮಾವ ನನ್ನ ಕಡೆ ತಿರುಗಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು. ಬೈಗುಳಕ್ಕೆ ಕಾದು ನಿಂತೆ.

"ಹೂಂ, ಹೇಳಿದ್ಲು," ಎಂದರು ಮಾವ. "ನಾನೇ ಕೇಳಲಿಲ್ಲ."

ನರ್ಸರಿಯವನು ಸುಮ್ಮನಾಗಲಿಲ್ಲ. "ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡ್ವಾ? ಮನೆ ಮಂದಿ ಅನ್ನಕ್ಕೇ ಕತ್ತರಿ ಹಾಕಿದ್ರಲ್ಲ!" ಎಂದು ಮಗನ ಎದುರೇ ಅವರನ್ನು ತರಾಟೆಗೆ ತೆಗೆದುಕೊಂಡ. ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದ ಮನುಷ್ಯ ತಲೆ ತಗ್ಗಿಸಿ ನಿಂತಿದ್ದರು. ನನ್ನ ಗಂಡ ಅಪ್ಪನನ್ನು ಒಮ್ಮೆ ದುರುಗುಟ್ಟಿ ನೋಡಿ ಮುಖ ತಿರುಗಿಸಿದರು.

ಮಾವನ ಕೋಪಕ್ಕೆ ಹೆದರಿ ಅಂದು ಬಾಯಿ ಮುಚ್ಚಿಕೊಂಡಿದ್ದೆ. ಈಗ ಅವರಲ್ಲಿ ಕೋಪವೇ ಇರಲಿಲ್ಲ. ಇಲ್ಲ, ನಾನು ಹೇಳಿರಲಿಲ್ಲ ಎಂಬ ಒಂದು ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

ಹೋಗಿ ಗುದ್ದಲಿ ತಂದೆ.