ಕೆಂಪು ಕಾರಿನ ಕಿರುಚು

"ಇದರ ಕಿರುಚು ನಿಲ್ಲಿಸ್ಲಿಕ್ಕೆ ನಿನ್ನಿಂದ ಆಗ್ತದಾ ಇಲ್ವಾ? ಅಷ್ಟು ಹೇಳು," ಎಂದರು ಉತ್ತಯ್ಯ, ಕಾರಿನಿಂದ ಇಳಿಯದೆ.

ಗೋಣಿಕೊಪ್ಪಲಿನ ತನ್ನ ಗ್ಯಾರೇಜಿನ ಮುಂದೆ ಬೆಳ್ಯಪ್ಪ ಎಣ್ಣೆಗೈ ಒರೆಸಿಕೊಳ್ಳುತ್ತಾ ಆ ಮುಖವನ್ನೇ ನೋಡಿದ. ಎಂಟು ವರ್ಷದಲ್ಲಿ ಮೀಸೆ ನರೆತಿತ್ತು, ಗತ್ತು ನರೆತಿರಲಿಲ್ಲ. ಕಾರು ಎರಡೇ ಸೀಟಿನದು, ಹೊಟ್ಟೆ ನೆಲಕ್ಕೆ ತಾಗುವಂಥ ರೇಸಿನ ಕಾರು. ಊರಿಗೆ ಹೊರಟುನಿಂತ ಇಂಗ್ಲಿಷ್ ದೊರೆಯೊಬ್ಬನಿಂದ ಕೊಂಡದ್ದು. ಓಡುವುದೇನೋ ಚೆನ್ನಾಗಿಯೇ ಓಡುತ್ತಿತ್ತು, ಬ್ರೇಕ್ ಒತ್ತಿದರೆ ಮಾತ್ರ ಹಂದಿ ಕೊಯ್ದ ಹಾಗೆ ಅರಚುತ್ತಿತ್ತು. ಮೈಸೂರಿನ ಇಬ್ಬರು ಮೆಕ್ಯಾನಿಕ್‌ಗಳು ಕೈಚೆಲ್ಲಿದ್ದರು. ಭಾನುವಾರ ಕ್ಲಬ್ಬಿನ ಪ್ಲಾಂಟರುಗಳು ಘಟ್ಟದ ರಸ್ತೆಯಲ್ಲಿ ಕಾರು ಓಟ ಇಟ್ಟುಕೊಂಡಿದ್ದರು.

"ಆಗ್ತದೆ ಸಾವ್ಕಾರ್ರೇ. ಬಿಟ್ಟು ಹೋಗಿ. ಹೇಳಿ ಕಳಿಸ್ತೇನೆ."

ಉತ್ತಯ್ಯ ಅವನನ್ನು ಗುರುತಿಸಿದ್ದರು. ಗುರುತಿಸಿಯೂ ಏನೂ ಆಗಿಲ್ಲವೆಂಬಂತೆ ಬಂದು ಕೂತಿದ್ದರಲ್ಲ, ಅದೇ ಬೆಳ್ಯಪ್ಪನ ಹೊಟ್ಟೆಗೆ ಬೆಂಕಿ ಹಾಕಿತು.

ಕೊಡಗು ಇನ್ನೂ ಮೈಸೂರಿಗೆ ಸೇರಿರದ ಕಾಲದಲ್ಲಿ ಅವನು ಉತ್ತಯ್ಯನವರ ಬಿಟ್ಟಂಗಾಲದ ಎಸ್ಟೇಟಿನಲ್ಲಿ ಡ್ರೈವರಾಗಿದ್ದ. ಕಣದಲ್ಲಿ ಒಣಗಿಸಿಟ್ಟ ಕರಿಮೆಣಸಿನ ಮೂಟೆಗಳು ಕಾಣೆಯಾದವು. ಉತ್ತಯ್ಯ ಲೈನಿನ, ಅಂದರೆ ಕೂಲಿಮನೆಗಳ ಸಾಲಿನವರನ್ನೆಲ್ಲ ಕರೆಸಿ, ಅವನ ಅಂಗಿ ಬಿಚ್ಚಿಸಿ, ಅದೇ ಕಣದ ನಡುವೆ ಬಿಸಿಲಲ್ಲಿ ನಿಲ್ಲಿಸಿದರು. ಕದ್ದದ್ದು ನಾನೇ ಎಂದು ಅವನ ಬಾಯಿಂದಲೇ ಹೇಳಿಸಿದರು. ಹೇಳದಿದ್ದರೆ ಪೊಲೀಸರು ಅಪ್ಪನನ್ನೂ ಎಳೆದೊಯ್ಯುತ್ತಿದ್ದರು. ಕರಿಕೆಯಲ್ಲಿ ಗೊತ್ತುಮಾಡಿದ್ದ ಹೆಣ್ಣು ತಪ್ಪಿಹೋಯಿತು. ಮಗ ಕಳ್ಳನೆಂಬ ಮಾತು ಕೇಳಿಕೊಂಡೇ ಅಪ್ಪ ಕಣ್ಣು ಮುಚ್ಚಿದ.

ಮರುದಿನ ಬೆಳ್ಯಪ್ಪ ಕಾರಿನ ಚಕ್ರ ಕಳಚಿ ಕೂತಿದ್ದಾಗ, ಸಾಮಾನಿಗೆಂದು ಪೇಟೆಗೆ ಬಂದಿದ್ದ ಮಾರಿ ಅಲ್ಲೇ ನಿಂತಳು. ಅದೇ ಎಸ್ಟೇಟಿನ ಲೈನಿನವಳು, ಹಳೆಯ ಪರಿಚಯ.

"ಅಯ್ಯೋ ಅಣ್ಣ, ಇದರ ಬಾಯಿ ಕಟ್ಟಬೇಡಿ! ಮೇಲಿನ ತಿರುವಲ್ಲಿ ಇದು ಕಿರುಚಿದ್ರೆ ನಾವು ಎದ್ದು ಬುಟ್ಟಿ ಹಿಡಿಯುದು. ನಾವು ಮಾತ್ರ ಅಲ್ಲ, ಚಿಕ್ಕ ಸಾವ್ಕಾರ್ರಿಗೂ ಇದೇ ಗಂಟೆ."

ಚಿಕ್ಕ ಸಾವ್ಕಾರ್ರೆಂದರೆ ಉತ್ತಯ್ಯನವರ ತಮ್ಮ ಪೂವಯ್ಯ.

"ಅವರಿಗೆಂಥದು ಗಂಟೆ?"

"ಶುಕ್ರವಾರ ಮಧ್ಯಾಹ್ನ ದೊಡ್ಡ ಸಾವ್ಕಾರ್ರು ಕ್ಲಬ್ಬಿಗೆ ಹೋದ ಮೇಲೆ ಕಣಕ್ಕೆ ಜೀಪು ಬರ್ತದೆ, ಮೆಣಸು ತುಂಬ್ತದೆ. ಇದು ಕಿರ್ ಅಂದ ಕೂಡ್ಲೆ ಹಿಂದಿನ ದಾರೀಲಿ ಓಟ. ನಿಮ್ಮ ಕಾಲದಲ್ಲೂ ಅವರೇ ಅಲ್ವಾ ತೆಗೆದದ್ದು!"

ಬೆಳ್ಯಪ್ಪನ ಕೈಯಲ್ಲಿದ್ದ ಅರ ನಿಂತಿತು. "ಆವಾಗ ಒಬ್ರೂ ಬಾಯಿ ಬಿಡ್ಲಿಲ್ಲ."

"ಬಿಟ್ಟಿದ್ರೆ ನಮ್ಮನ್ನ ಲೈನಲ್ಲಿ ಇಡ್ತಿದ್ರಾ ಅಣ್ಣ?" ಎಂದಳು ಮಾರಿ. ಅವಳು ಹೋದ ಮೇಲೆ ಬಹಳ ಹೊತ್ತು ಅವನಿಗೆ ಅವಳ ಮೇಲೂ ಸಿಟ್ಟಿತ್ತು.

ಬ್ರೇಕಿನ ಒಳಗೆ ಅಂಥ ದೊಡ್ಡ ರೋಗವೇನೂ ಇರಲಿಲ್ಲ. ಲೈನಿಂಗ್ ಗಾಜಿನ ಹಾಗೆ ನುಣುಪಾಗಿತ್ತು, ಎರಡು ರಿವೆಟ್ ಸಡಿಲವಾಗಿದ್ದವು. ರಿವೆಟ್ ಬಿಗಿದು, ಒರಟಾದ ಉಪ್ಪುಕಾಗದದಿಂದ ತಿಕ್ಕಿ ನುಣುಪು ತೆಗೆದು, ಲೈನಿಂಗಿನ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿದ. ನಡುವೆ ಒಮ್ಮೆ ಬ್ರೇಕ್ ಎಣ್ಣೆಯ ಪೈಪಿನ ನಟ್ಟಿನ ಮೇಲೆ ಸ್ಪ್ಯಾನರ್ ಇಟ್ಟು ಸುಮ್ಮನೆ ಕೂತ. ಅರ್ಧ ಸುತ್ತು ಸಡಿಲ ಬಿಟ್ಟರೆ ಸಾಕು, ಭಾನುವಾರ ಘಟ್ಟವೇ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಆದರೆ ಸತ್ತವರಿಗೆ ನಾಚಿಕೆ ಎಲ್ಲಿಂದ ಬರಬೇಕು? ಅವನಿಗೆ ಬೇಕಾದದ್ದು ಉತ್ತಯ್ಯನವರ ನಾಚಿಕೆ. ತಮ್ಮನ ಕಳ್ಳತನವನ್ನು ಅವರು ತಮ್ಮ ಕಣ್ಣಿಂದಲೇ ನೋಡಬೇಕು, ಪಕ್ಕದಲ್ಲಿ ತಾನು ಕೂತಿರಬೇಕು. ನಟ್ಟನ್ನು ಇನ್ನಷ್ಟು ಬಿಗಿದ. ಶುಕ್ರವಾರ ಊಟದ ಮೇಲೆ ಬರಲು ಹೇಳಿ ಕಳಿಸಿದ.

"ಇಳಿಜಾರಲ್ಲಿ ನೋಡದೆ ನಾನು ಗಾಡಿ ಕೊಡುದಿಲ್ಲ. ನಿಮ್ಮ ಎಸ್ಟೇಟಿನ ಇಳಿಜಾರೇ ಆಗ್ಲಿ," ಎಂದ. ಹೇಳಿದ ಹೊತ್ತಿಗೆ ಬಂದಿದ್ದ ಉತ್ತಯ್ಯ ನಕ್ಕು ಸ್ಟಿಯರಿಂಗ್ ಹಿಡಿದರು, ಬೆಳ್ಯಪ್ಪ ಪಕ್ಕದಲ್ಲಿ ಕೂತ.

ಬಿಟ್ಟಂಗಾಲ ದಾಟಿ ಎಸ್ಟೇಟಿನ ಗೇಟು ಕಳೆದ ಮೇಲೆ ಬೆಳ್ಯಪ್ಪ ಹೇಳಿದ: "ಇಲ್ಲಿಂದ ಇಂಜಿನ್ ಆಫ್ ಮಾಡಿ. ಬ್ರೇಕಿನದ್ದೇ ಸದ್ದು ಕೇಳ್ಬೇಕು."

ಕಾರು ತರಗೆಲೆಗಳ ಮೇಲೆ ಜಾರಿಕೊಂಡು ಇಳಿಯಿತು. ಮೇಲಿನ ತಿರುವಿನಲ್ಲಿ ಉತ್ತಯ್ಯ ಬ್ರೇಕ್ ಒತ್ತಿದರು. ಒಂದು ಚೂರು ಸದ್ದಿಲ್ಲ. "ಭೇಷ್!" ಎಂದರು. ಕೆಳಗಿನ ತಿರುವಿನಲ್ಲಿ ಮತ್ತೆ ಒತ್ತಿದರು, ಕಾರು ನಿಂತಿತು.

ಕೆಳಗೆ ಕಣ ಪೂರ್ತಿ ಕಾಣುತ್ತಿತ್ತು. ಜೀಪಿನ ಹಿಂಬಾಗಿಲು ತೆರೆದಿತ್ತು. ಪೂವಯ್ಯ ಇವರಿಗೆ ಬೆನ್ನು ಹಾಕಿ ಮೆಣಸಿನ ಮೂಟೆ ಏರಿಸುತ್ತಿದ್ದ. ಹೆಂಗಸರು ತಲೆ ತಗ್ಗಿಸಿ ಕಾಫಿಬೀಜ ಹರಡುತ್ತಿದ್ದರು.

ಈಗ ಕೂಗುತ್ತಾರೆ, ಈಗ ಇಳಿದು ಓಡುತ್ತಾರೆ ಎಂದು ಬೆಳ್ಯಪ್ಪ ಕಾದ. ಉತ್ತಯ್ಯನವರ ಕೈ ಹಾರ್ನಿನ ಕಡೆ ಹೋಯಿತು. ಒತ್ತಿದರು. ಮತ್ತೆ ಅಂಗೈ ಇಟ್ಟು ಒತ್ತಿದರು, ಸದ್ದೇ ಬರಲಿಲ್ಲ. ತಿರುವಿನಲ್ಲಿ ರೂಢಿಯಂತೆ ಎಲ್ಲಿ ಹಾರ್ನ್ ಹೊಡೆದುಬಿಡುತ್ತಾರೋ ಎಂದು ಬೆಳ್ಯಪ್ಪ ಬೆಳಿಗ್ಗೆಯೇ ಅದರ ವೈರು ಬಿಚ್ಚಿದ್ದ. ಕಂಡ ಮೇಲೂ ತಮ್ಮನನ್ನು ಎಚ್ಚರಿಸಲು ಒತ್ತುತ್ತಾರೆಂದು ಅವನು ಎಣಿಸಿರಲಿಲ್ಲ.

"ನಿಮಗೆ ಗೊತ್ತಿತ್ತು," ಎಂದ. ಬೆಳ್ಯಪ್ಪ ಅವರ ಕಡೆ ತಿರುಗಿದ. "ಆವತ್ತೇ ಗೊತ್ತಿತ್ತು."

ಉತ್ತಯ್ಯ ಅವನ ಮುಖ ನೋಡಲಿಲ್ಲ. "ಡ್ರೈವರ್ ಇನ್ನೊಬ್ಬ ಸಿಗ್ತಾನೆ ಬೆಳ್ಯಪ್ಪ. ತಮ್ಮ ಸಿಗ್ತಾನಾ? ನಮ್ಮ ಒಕ್ಕದ, ಮನೆತನದ ಮರ್ಯಾದೆ ಎಲ್ಲಿಗೆ ಹೋಗ್ತಿತ್ತು?" ಸ್ವರ ಇಳಿಯಿತು. "ವೈರು ಸಿಕ್ಕಿಸು ಮಾರಾಯ. ಅವನು ಹೋಗ್ಲಿ, ಆಮೇಲೆ ಇಳಿಯುವ."

ಇಷ್ಟು ವರ್ಷ ಅದನ್ನು ಉತ್ತಯ್ಯನವರ ತಪ್ಪು ತಿಳಿವಳಿಕೆ ಎಂದುಕೊಂಡು ಬದುಕಿದ್ದ ಬೆಳ್ಯಪ್ಪನಿಗೆ ಮೈಯೆಲ್ಲ ಉರಿಯಿತು. ಅದರ ಸದ್ದಾದರೂ ಆಗಲೆಂದು ಉತ್ತಯ್ಯ ಇಂಜಿನ್ ಎಬ್ಬಿಸಲು ಕೈಚಾಚುವಷ್ಟರಲ್ಲಿ ಅವನು ಕೀಲಿಕೈ ಕಿತ್ತು ಜೇಬಿಗೆ ಹಾಕಿಕೊಂಡ. ಇಳಿದು ಸುತ್ತಿ ಬಂದು ಅವರ ಕಡೆಯ ಬಾಗಿಲು ತೆರೆದು ಹಿಡಿದ.

"ಇಳೀರಿ ಸಾವ್ಕಾರ್ರೇ."

ಉತ್ತಯ್ಯ ಇಳಿಯಲಿಲ್ಲ.

ಕೆಳಗೆ ಮಾರಿ ಸೊಂಟ ನೇರಮಾಡಿಕೊಳ್ಳಲು ಎದ್ದವಳು ಕೆಂಪು ಕಾರನ್ನು ಕಂಡಳು. ಪಕ್ಕದವಳನ್ನು ಮೊಣಕೈಯಿಂದ ತಿವಿದಳು. ಒಬ್ಬೊಬ್ಬರಾಗಿ ಎಲ್ಲರೂ ಕೆಲಸ ನಿಲ್ಲಿಸಿ ತಲೆಯೆತ್ತಿದರು. ಯಾರೂ ಬುಟ್ಟಿ ಹಿಡಿಯಲಿಲ್ಲ, ಯಾರೂ ಪೂವಯ್ಯನಿಗೆ ಹೇಳಲೂ ಇಲ್ಲ. ಅವನು ಇನ್ನೊಂದು ಮೂಟೆಗೆ ಬಗ್ಗಿದ. ಕಣದವರೆಲ್ಲ ಉತ್ತಯ್ಯನವರನ್ನೇ ನೋಡುತ್ತಾ ನಿಂತರು.