ಸುರೇಬಾನಕ್ಕೆ ಒಂದು ಸೀರೆ

ಸಾವಿತ್ರೆವ್ವತ್ತೆ ತೀರಿಕೊಂಡ ಸುದ್ದಿ ಬೆಳಿಗ್ಗೆ ಬೈಲಹೊಂಗಲಕ್ಕೆ ಮುಟ್ಟಿತು. ಅಪ್ಪನಿಗೆ ಉಳಿದಿದ್ದ ಒಬ್ಬಳೇ ತಂಗಿ. ನಮ್ಮಲ್ಲಿ ಹೆಣ್ಣುಮಗಳು ಸತ್ತರೆ ಕಡೆಯ ಸೀರೆ ತವರಿನದಾಗಬೇಕು. ಬಾರದಿದ್ದರೆ ಗಂಡನ ಮನೆಯವರೇ ಒಂದು ಉಡಿಸುತ್ತಾರೆ, ಆದರೆ ತವರಿಲ್ಲದವಳಂತೆ ಹೋದಳು ಎಂದು ಊರು ಆಡಿಕೊಳ್ಳುತ್ತದೆ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತೇವೆ, ಅಷ್ಟರಲ್ಲಿ ಬನ್ನಿ ಎಂದು ಅತ್ತೆಯ ಮೈದುನ ಹಣಮಂತಪ್ಪ ಸುರೇಬಾನದಿಂದ ಫೋನಿನಲ್ಲಿ ಹೇಳಿದ್ದರು.

ಇಷ್ಟಿದ್ದರೂ ಅಪ್ಪ ಅಂಗಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಒಂದೊಂದೇ ಸೀರೆ ಬಿಚ್ಚಿಸಿದ. ರೇಷ್ಮೆ ಜಾರುತ್ತದೆ, ಹತ್ತಿಯ ಇಳಕಲ್ಲೇ ಬೇಕು ಎಂದ. ಸಣ್ಣವಳಿದ್ದಾಗಿನಿಂದ ತಂಗಿಯ ತಲೆಯ ಮೇಲೆ ಸೆರಗು ನಿಂತದ್ದೇ ಇಲ್ಲವಂತೆ. ಅದಕ್ಕಾಗಿ ದಿನಾ ಅಜ್ಜಿಯಿಂದ ಬೈಸಿಕೊಳ್ಳುತ್ತಿದ್ದಳಂತೆ. ಸತ್ತವಳಿಗೆ ಯಾವ ಸೀರೆಯಾದರೇನು ಎಂದು ನನಗೆ ಸಿಟ್ಟು ನೆತ್ತಿಗೇರಿತ್ತು.

ಸವದತ್ತಿ ಹತ್ತಿರವಾದಾಗ ನನ್ನ ಬೈಕಿನ ಹಿಂದಿನ ಗಾಲಿ ಓಲಾಡತೊಡಗಿತು. ಪಂಕ್ಚರ್ ಅಂಗಡಿಯ ಮೆಹಬೂಬಸಾಬರು ಟೈರು ಒತ್ತಿ ನೋಡಿ, ಜಾಲಿಮುಳ್ಳು ಇರಬೇಕು, ಗಾಳಿ ಮೆಲ್ಲಗೆ ಹೋಗುತ್ತಿದೆ, ಟ್ಯೂಬು ಬಿಚ್ಚಿ ಪ್ಯಾಚ್ ಹಾಕಿಕೊಡುತ್ತೇನೆ ಎಂದರು. ಅಪ್ಪ ಒಪ್ಪಲಿಲ್ಲ. ಗಾಳಿ ಹೊಡೆಸಿದರೆ ಸಾಕು, ನಡಿ ಎಂದ. ಸೀರೆ ಅಂಗಡಿಯಲ್ಲಿ ಕಳೆದ ಹೊತ್ತನ್ನು ಇಲ್ಲಿ ಉಳಿಸುವ ಲೆಕ್ಕ ಅವನದು.

ಸಿರಸಂಗಿ ಮುಟ್ಟುವಷ್ಟರಲ್ಲಿ ಟೈರು ಮತ್ತೆ ಕುಸಿದಿತ್ತು. ಅಲ್ಲಿಯ ಪಂಕ್ಚರ್ ಅಂಗಡಿಗೆ ಕೀಲಿ. ಮಾಲೀಕ ಮದುವೆಗೆ ಹೋಗಿದ್ದನಂತೆ. ಪಕ್ಕದ ಮನೆಯವರು ಸೈಕಲ್ ಪಂಪು ಕೊಟ್ಟರು. ಪಂಪು ಒತ್ತುತ್ತ ಒತ್ತುತ್ತ ನಾನು ಗೊಣಗಿದೆ, ಸವದತ್ತಿಯಲ್ಲೇ ಬಿಚ್ಚಿಸಿದ್ದರೆ ಇಷ್ಟೊತ್ತಿಗೆ ರಾಮದುರ್ಗದಲ್ಲಿ ಇರುತ್ತಿದ್ದೆವು ಎಂದು. ಅಪ್ಪ ಟೈರು ನೋಡಿದ, ವಾಲಿದ ಬಿಸಿಲು ನೋಡಿದ. ಆಮೇಲೆ ದಾರಿಯುದ್ದಕ್ಕೂ ಎದೆಗೆ ಅವಚಿಕೊಂಡಿದ್ದ ಸೀರೆಯ ಚೀಲವನ್ನು ತೆಗೆದು ನನ್ನ ಕೊರಳಿಗೆ ಹಾಕಿದ.

“ನೀ ಒಬ್ಬಾವ ಹೋಗು. ಭಾರ ಕಡಿಮಿ ಆದ್ರ ಗಾಳಿ ತಡೀತೈತಿ. ನಾ ಬಸ್ಸಿಗೆ ಬರತೇನಿ.”

ಬಸ್ಸು ಯಾವಾಗ ಎಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಕಡೆಯ ಸಲ ತಂಗಿಯ ಮುಖ ನೋಡುವುದು ಬೇಡವೇ ಎಂದು ಕೇಳಿದೆ.

“ನಾ ನೋಡದಿದ್ರೂ ನಡೀತೈತಿ. ತವರ ಸೀರಿ ಇಲ್ಲದ ಆಕಿ ಹೋಗಬಾರದು.”

ಅವನನ್ನು ರಸ್ತೆಯ ಬದಿಗೆ ಬಿಟ್ಟು ಹೊರಟೆ. ಹಿಂದಿನ ಗಾಲಿಗೆ ಭಾರ ಬೀಳದಿರಲೆಂದು ಟ್ಯಾಂಕಿನ ಮೇಲೆ ಬಾಗಿ ಕುಳಿತೇ ಓಡಿಸಿದೆ. ರಾಮದುರ್ಗದಲ್ಲಿ ಇನ್ನೊಮ್ಮೆ ಗಾಳಿ ಹೊಡೆಸಿಕೊಂಡೆ.

ಸುರೇಬಾನದಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಅತ್ತೆಯ ಮಗಳು ಅನ್ನಪೂರ್ಣಾ ಚೀಲ ಕಂಡದ್ದೇ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಹೆಂಗಸರು ಸೀರೆ ಉಡಿಸಿದರು. ಅಪ್ಪನಿಗಾಗಿ ಹಣಮಂತಪ್ಪ ಕಾಯುವಷ್ಟು ಕಾದರು, ಊರ ಅಗಸೆಬಾಗಿಲವರೆಗೆ ಹೋಗಿ ನೋಡಿ ಬಂದರು. ಹೊತ್ತು ಕಾಯಲಿಲ್ಲ.

ಮಣ್ಣು ಮುಗಿಸಿ ಹಿಂತಿರುಗುವಾಗ ಹೊಲದ ದಾರಿಯಲ್ಲಿ ಅಪ್ಪ ಎದುರಾದ. ಧೂಳು ಹತ್ತಿದ ಧೋತರ, ಏದುಸಿರು. ನಮ್ಮ ಮುಖಗಳನ್ನು ನೋಡಿಯೇ ಅವನಿಗೆ ತಿಳಿಯಿತು. ಹಣಮಂತಪ್ಪ ಅವನ ಕೈ ಹಿಡಿದುಕೊಂಡು ತಲೆ ತಗ್ಗಿಸಿದರು. ಅಪ್ಪ ಯಾರನ್ನೂ ಬೈಯಲಿಲ್ಲ, ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ.

“ಸೆರಗು ತಲಿ ಮ್ಯಾಲೆ ನಿಂತಿತ್ತೇನಪಾ?”

“ನಿಂತಿತ್ತಪ್ಪಾ. ಕುಣಿಗೆ ಇಳಿಸೂತನಕಾ ಜಾರಲಿಲ್ಲ.”

ಅಪ್ಪ ಅಲ್ಲೇ ಬದುವಿನ ಮೇಲೆ ಕುಳಿತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ನಾನೂ ಅವನ ಪಕ್ಕ ಕುಳಿತೆ. ನನಗೂ ತಡೆಯಲಾಗಲಿಲ್ಲ.